ಸರ್ವೆ ನಂಬರಿಗೊಂದು ಮಣ್ಣಿನ ಜಾತಕ

ಬೀದರ್ ಜಿಲ್ಲೆಯ ಠಾಣಾ ಕುಶನೂರ ಸುತ್ತಿನ ಎರೆ ಹೊಲಗಳಿಂದ ಹರಿದ ಮಳೆನೀರು ಹಳ್ಳಗಳ ಮೂಲಕ ಮಾಂಜ್ರಾ ನದಿ ಸೇರುತ್ತದೆ. ಮಾಂಜ್ರಾ ತೆಲಂಗಾಣದ ಕಂದಕುರ್ತಿಯಲ್ಲಿ ಗೋದಾವರಿಯನ್ನು ಕೂಡಿದರೆ, ಅಲ್ಲಿಂದ ದಾರಿ ಬಂಗಾಳ ಕೊಲ್ಲಿಗೆ. ನೀರಿನ ಜತೆ ಹೊಲದ ಮೇಲ್ಮಣ್ಣೂ ಹೊರಡುತ್ತದೆ. ಅದನ್ನು ತಡೆಯಲು ಒಡ್ಡು ಹಾಕುವುದು ಹಳೆಯ ಕೆಲಸವೇ. ಎಲ್ಲಿ, ಎಂಥ ಒಡ್ಡು ಎಂಬುದು ಮಾತ್ರ ಬಹುಕಾಲ ಕಣ್ಣಂದಾಜಿನ ಮೇಲೆ ನಡೆಯಿತು.

2001ರಲ್ಲಿ ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಶುರುವಾಯಿತು. ಇಸ್ರೊದ ವಾಣಿಜ್ಯ ಸಂಸ್ಥೆ ಆಂತರಿಕ್ಸ್ ಉಪಗ್ರಹ ಚಿತ್ರಗಳ ನೆರವಿನಿಂದ ಕೆಲಸದ ಮೇಲೆ ಕಣ್ಣಿಟ್ಟಿತ್ತು. ಬೀದರ್‌ ಸರದಿ ಬಂದದ್ದು ಸುಜಲ-3ರಲ್ಲಿ. 2012ರಲ್ಲಿ ಮಂಜೂರಾದ 6 ಕೋಟಿ ಡಾಲರ್ ಸಾಲದ ಈ ಯೋಜನೆಯಲ್ಲಿ ಮೊದಲು ಏಳು ಜಿಲ್ಲೆಗಳಿದ್ದವು.

ಈ ಸಲ ಗುದ್ದಲಿಗಿಂತ ಮೊದಲು ನಕ್ಷೆ ಬಂತು. ಜಲಾನಯನ ಇಲಾಖೆಯ ಜತೆ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯಗಳು, ಭಾರತೀಯ ವಿಜ್ಞಾನ ಸಂಸ್ಥೆ, ರಾಜ್ಯದ ದೂರಸಂವೇದಿ ಕೇಂದ್ರ ಕೈಜೋಡಿಸಿದವು. ಸುಮಾರು 500 ಹೆಕ್ಟೇರಿನ ಒಂದೊಂದು ಕಿರುಜಲಾನಯನವೂ ಒಂದು ಘಟಕ. ನಕ್ಷೆಯ ಅಳತೆ 1:7,920, ಅಂದರೆ ಮೈಲಿಗೆ ಎಂಟು ಇಂಚು. ಹೊಲದ ಗಡಿ, ಸರ್ವೆ ನಂಬರ್ ಎಲ್ಲ ಅದರಲ್ಲಿ ಕಾಣುತ್ತವೆ.

ಉಪಗ್ರಹಕ್ಕೆ ಕಾಣುವುದು ಮೇಲ್ಮೈ ಮಾತ್ರ, ಉಳಿದದ್ದಕ್ಕೆ ನೆಲಕ್ಕಿಳಿಯಲೇಬೇಕು. ಗಟ್ಟಿ ಗರಸು ಅಥವಾ ಕಲ್ಲು ಸಿಗುವವರೆಗೆ, ಆಳದ ಮಣ್ಣಾದರೆ ಎರಡು ಮೀಟರಿನವರೆಗೆ ಗುಂಡಿ ತೋಡುತ್ತಾರೆ. ಪದರ ಪದರವಾಗಿ ಹೆಂಟೆ ಬಿಡಿಸಿ, ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಿ, ಮೇಲೆ ತಿಳಿ ಆಮ್ಲದ ಹನಿ ಬಿಡುತ್ತಾರೆ. ನೊರೆ ಎದ್ದರೆ ಸುಣ್ಣದ ಅಂಶ ಇದೆ ಎಂದರ್ಥ. ಫಲವತ್ತತೆ ತಿಳಿಯಲು 320 ಮೀಟರಿಗೊಂದು ಕಡೆ ಮೇಲ್ಮಣ್ಣಿನ ಮಾದರಿ.

ಇದರ ಉಪಯೋಗ ಒಡ್ಡಿನಲ್ಲೇ ಗೊತ್ತಾಗುತ್ತದೆ. ಆಳವಾದ ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬಿ ನೀರು ಇಂಗಲು ಬಿಡುವುದಿಲ್ಲ. ಸಮಪಾತಳಿ ಒಡ್ಡಿನ ಹಿಂದೆ ನೀರು ನಿಂತರೆ ತೊಗರಿಯ ಬೇರು ಕೊಳೆಯುತ್ತದೆ, ಒಡ್ಡೂ ಒಡೆಯುತ್ತದೆ. ಅಲ್ಲಿಗೆ ಸ್ವಲ್ಪ ಇಳಿಜಾರು ಕೊಟ್ಟು, ಹೆಚ್ಚಿನ ನೀರು ಹೊರಹೋಗಲು ಕೋಡಿ ಬಿಟ್ಟ ಒಡ್ಡೇ ಸರಿ.

ಆದರೆ ಮೇಲಿನ ಹೊಲದ ಕೋಡಿ ಬೀಳುವುದು ಕೆಳಗಿನವನ ಹೊಲಕ್ಕೆ. ಅದಕ್ಕೇ ಸುಜಲ ಮೊದಲಿನಿಂದಲೂ ಬಳಕೆದಾರರ ಗುಂಪು ಕಟ್ಟಿತು, ದಿಬ್ಬದಿಂದ ಕಣಿವೆಗೆ ಇಳಿಯುತ್ತ ಕೆಲಸ ಮಾಡಿತು. 2021ರಲ್ಲಿ ವಿಶ್ವಬ್ಯಾಂಕ್ ಒಪ್ಪಿದ 'ರಿವಾರ್ಡ್' ಕಾರ್ಯಕ್ರಮ ಇದೇ ಭೂಸಂಪನ್ಮೂಲ ನಕ್ಷೆಯ ಪದ್ಧತಿಯನ್ನು ಕರ್ನಾಟಕದಲ್ಲಿ ಮುಂದುವರಿಸಿ, ಒಡಿಶಾಕ್ಕೂ ಒಯ್ದಿದೆ.