ಕಳುವಾದ ಪತ್ರಗಳೂ ಉಷ್ಣಮಾಪಕದ ಲೆಕ್ಕವೂ

ಭೂಮಿಯ ಉಷ್ಣತೆ ಏರುತ್ತಿರುವುದೆಂದು ನಮ್ಮ ಬಾಲಿಕೆಯರು ತರಗತಿಯಲ್ಲಿ ಕಲಿತು ಮನೆಯಲ್ಲಿ ಹೇಳಿದಾಗ, "ಪತ್ರಗಳು ಹೊರಬಿದ್ದಾಗಲೇ ಅದು ಸುಳ್ಳೆಂದು ಗೊತ್ತಾಗಲಿಲ್ಲವೇ?" ಎಂದು ಕೇಳುವ ಹಿರಿಯರುಂಟು. ಆದಕಾರಣ ಆ ಸಂಗತಿಯನ್ನು ಇಲ್ಲಿ ವಿವರಿಸುವೆವು.

2009ನೆಯ ಇಸವಿಯ ನವೆಂಬರಿನಲ್ಲಿ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾನಿಲಯದ ಹವಾಗುಣ ಸಂಶೋಧನಾ ವಿಭಾಗದಿಂದ ಸಾವಿರಕ್ಕೂ ಮಿಕ್ಕಿದ ಮಿಂಚಂಚೆಗಳು ಕಳುವಾಗಿ ಬಹಿರಂಗವಾದುವು. 1999ರ ಒಂದು ಪತ್ರದಲ್ಲಿ ಇಳಿತವನ್ನು ಮರೆಮಾಡುವ ಮಾತಿದ್ದಿತು. ಭೂಮಿಯು ತಣ್ಣಗಾಗುತ್ತಿದ್ದುದನ್ನು ಬಚ್ಚಿಟ್ಟರೆಂದು ಅನೇಕರು ಅರ್ಥಮಾಡಿಕೊಂಡರು. ನಿಜವಾಗಿ ಆ ಇಳಿತವು ಮರಗಳದ್ದು. ಉಷ್ಣಮಾಪಕವಿಲ್ಲದ ಪೂರ್ವಶತಮಾನಗಳ ಸೆಕೆ ಚಳಿಗಳನ್ನು ಮರದ ಕಾಂಡದ ಬಳೆಗಳಿಂದ ಊಹಿಸುವರು. ಉತ್ತರದೇಶಗಳ ಕೆಲವು ಮರಗಳಲ್ಲಿ 1960ರಿಂದೀಚೆಗೆ ಬಳೆಗಳು ಚಳಿಯನ್ನು ಸೂಚಿಸಿದರೂ ಪಕ್ಕದ ಉಷ್ಣಮಾಪಕವು ಏರಿಕೆಯನ್ನೇ ತೋರಿಸುತ್ತಿದ್ದಿತು. ಆ ಭಾಗವನ್ನು ಬಿಟ್ಟು, ಉಷ್ಣಮಾಪಕದ ಅಂಕಿಗಳನ್ನು ಜೋಡಿಸಿ ಒಂದು ನಕ್ಷೆಯನ್ನು ಬರೆದಿದ್ದರು. ತಕ್ಕ ವಿವರಣೆಯಿಲ್ಲದೆ ಹೀಗೆ ಮಾಡಿದುದು ನೋಡುವವರನ್ನು ತಪ್ಪುದಾರಿಗೆ ಎಳೆಯತಕ್ಕದ್ದೆಂದು ಸರ್ ಮ್ಯೂರ್ ರಸೆಲ್ಲರ ಸಮಿತಿಯು 2010ರ ಜುಲೈಯಲ್ಲಿ ಹೇಳಿತು. ಅಂಕಿಗಳನ್ನು ಕೇಳಿದವರಿಗೆ ಕೊಡಲು ಹಿಂಜರಿದುದನ್ನೂ ಆಕ್ಷೇಪಿಸಿತು. ಇದು ನ್ಯಾಯವೆಂದೇ ನಮ್ಮ ಅಭಿಪ್ರಾಯ. ಮಾಡಿದ ರೀತಿಯನ್ನು ತೋರಿಸದ ಲೆಕ್ಕಕ್ಕೆ ಯಾವ ಉಪಾಧ್ಯಾಯಿನಿ ತಾನೇ ಪೂರ್ಣ ಅಂಕ ಕೊಟ್ಟಾಳು?

ಆದರೆ ಉತ್ತರವು ಸರಿಯೋ ತಪ್ಪೋ ಎಂಬುದು ಬೇರೆ ಪ್ರಶ್ನೆ. ಪತ್ರಗಳನ್ನು ಎಷ್ಟು ಸಾರಿ ಓದಿದರೂ ಅದು ತೀರದು. ಬೇರೆ ಸ್ಲೇಟಿನ ಮೇಲೆ ಲೆಕ್ಕವನ್ನು ಮೊದಲಿನಿಂದ ಮಾಡಿ ನೋಡಬೇಕು. ಸಮಿತಿಯವರು ಹಾಗೆಯೇ ಮಾಡಿದರು. ಸಾರ್ವಜನಿಕವಾಗಿ ದೊರೆಯುವ ಹವಾಕೇಂದ್ರಗಳ ದಾಖಲೆಗಳನ್ನು ತಾವೇ ತರಿಸಿಕೊಂಡು, ಗಣನೆಯ ಕ್ರಮವನ್ನೂ ತಾವೇ ಬರೆದರು. ಎರಡು ದಿನಗಳೊಳಗೆ ಆ ವಿಭಾಗದ ನಕ್ಷೆಯನ್ನೇ ಹೋಲುವ ನಕ್ಷೆ ಅವರ ಕೈಸೇರಿತು.

ಅಮೆರಿಕದ ಬರ್ಕ್ಲಿಯ ಭೌತವಿಜ್ಞಾನಿ ರಿಚರ್ಡ್ ಮುಲ್ಲರರು ಇನ್ನೂ ಮುಂದೆ ಹೋದರು. ಹಳೆಯ ಲೆಕ್ಕಗಳಲ್ಲಿ ಅವರಿಗೆ ನಂಬಿಕೆ ಕಡಿಮೆಯಿದ್ದಿತು. ಸುಮಾರು 39,000 ಕೇಂದ್ರಗಳ ದಾಖಲೆಗಳನ್ನು ಕೂಡಿಸಿದರು. ನಗರಗಳ ಕಾವು ಲೆಕ್ಕವನ್ನು ಕೆಡಿಸಿತೋ ಎಂದು ಹಳ್ಳಿಗಾಡಿನ ಕೇಂದ್ರಗಳನ್ನು ಮಾತ್ರ ಆರಿಸಿಯೂ ನೋಡಿದರು. 1950ರ ದಶಕದ ನಡುವಿನಿಂದ ನೆಲದ ಮೇಲಣ ಉಷ್ಣತೆ ಸುಮಾರು ಒಂದು ಸೆಂಟಿಗ್ರೇಡ್ ಡಿಗ್ರಿಯಷ್ಟು ಏರಿರುವುದೆಂದೂ, ಮೊದಲಿನವರ ಲೆಕ್ಕವು ಸರಿಯಾಗಿದ್ದಿತೆಂದೂ 2011ರಲ್ಲಿ ಅವರೇ ಪ್ರಕಟಿಸಿದರು.

ಅದೇ ವರುಷ ಜುಲೈಯಲ್ಲಿ ಈಸ್ಟ್ ಆಂಗ್ಲಿಯಾದವರೂ ಪೋಲೆಂಡಿನ ಕೆಲವು ಕೇಂದ್ರಗಳ ಹೊರತು ತಮ್ಮ ಉಳಿದ ಅಂಕಿಗಳನ್ನೆಲ್ಲ ಬಿಡುಗಡೆ ಮಾಡಿದರು. ಕಾಲೇಜಿನಲ್ಲಿ ಗಣಿತವನ್ನು ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಬೇಕಾದರೆ ತಾವೇ ಸರಾಸರಿ ತೆಗೆದು ನೋಡಬಹುದು.