ಸುಧಾಗಡದ ಅಡಿಯಲ್ಲಿ ದೇಶಭ್ರಷ್ಟ ಮೊಗಲ ರಾಜಕುಮಾರ

ರಜೆಯ ದಿನ ದೊರೆತರೆ ಖೋಪೋಲಿಯ ಮಾರ್ಗವಾಗಿ ಪಾಲಿಗೆ ತೆರಳಿ ಬಲ್ಲಾಳೇಶ್ವರನ ದರ್ಶನ ಪಡೆದು ಬರುವವರು ನಮ್ಮ ಮುಂಬಯಿ ಕನ್ನಡಿಗರಲ್ಲಿ ಅನೇಕರಿದ್ದಾರೆ. ಅಲ್ಲಿಂದ ಅನತಿದೂರದಲ್ಲಿ, ಸುಧಾಗಡ ಕೋಟೆಯ ಬುಡದಲ್ಲಿ, ಧೋಂಡ್ಸೆ ಎಂಬ ಸಣ್ಣ ಹಳ್ಳಿಯುಂಟು. ದಿಲ್ಲಿಯ ಸಿಂಹಾಸನವನ್ನು ಬಯಸಿದ ರಾಜಕುಮಾರನೊಬ್ಬನು ಈ ಹಳ್ಳಿಯ ಹುಲ್ಲುಮಾಡಿನ ಮನೆಯಲ್ಲಿ ಆಶ್ರಿತನಾಗಿದ್ದನೆಂಬುದು ಯಾತ್ರಿಕರಲ್ಲಿ ಬಹುಮಂದಿಗೆ ತಿಳಿದಿರಲಿಕ್ಕಿಲ್ಲ.

ಆತನು ಔರಂಗಜೇಬನ ಮಗ ಅಕ್ಬರ. 1657ರಲ್ಲಿ ಹುಟ್ಟಿ ತಿಂಗಳೊಳಗೇ ತಾಯಿಯನ್ನು ಕಳೆದುಕೊಂಡ ಈ ಮಗನ ಮೇಲೆ ತಂದೆಗೆ ವಿಶೇಷ ಮಮತೆಯಿತ್ತು. ರಜಪೂತರನ್ನು ಅಡಗಿಸಲು ತಂದೆ ಕಳುಹಿಸಿದರೆ, ಮಗನು ಅವರೊಡನೆಯೇ ಸೇರಿ 1681ರ ಜನವರಿಯಲ್ಲಿ ತಾನೇ ಬಾದಶಹನೆಂದು ಸಾರಿದನು. ಆಗ ಅವನ ಪ್ರಾಯ 23.

ಔರಂಗಜೇಬನು ಕತ್ತಿಗಿಂತ ಮೊದಲು ಲೇಖನಿಯನ್ನು ಹಿಡಿದನು. ರಜಪೂತರನ್ನು ಬಲೆಗೆ ಕೆಡಹಿದ್ದಕ್ಕಾಗಿ ಮಗನನ್ನು ಹೊಗಳುವ ಸುಳ್ಳು ಕಾಗದವೊಂದು ಅವರ ಕೈಗೇ ಸಿಗುವಂತೆ ಮಾಡಿದನು. ಮಿತ್ರರು ರಾತ್ರೋರಾತ್ರಿ ಹೊರಟುಹೋದರು. ಬೆಳಗಾಗುವಾಗ ರಾಜಕುಮಾರನ ಬಳಿ ಬೆರಳೆಣಿಕೆಯ ಜನರು ಮಾತ್ರ ಉಳಿದಿದ್ದರು. ಮೋಸವನ್ನರಿತ ರಾಠೋಡ ವೀರ ದುರ್ಗಾದಾಸನು ಮರಳಿ ಬಂದು ಅವನ ಕೈಹಿಡಿದನು. ಎಳೆಯ ಮಕ್ಕಳನ್ನು ರಾಠೋಡರ ವಶದಲ್ಲಿ ಬಿಟ್ಟು, ಬೆನ್ನಟ್ಟಿದ ಸೈನ್ಯಗಳಿಂದ ತಪ್ಪಿಸಿಕೊಳ್ಳುತ್ತ, ಅಕ್ಬರನು ಅವನೊಡನೆ ಸಂಭಾಜಿ ಮಹಾರಾಜನ ರಾಜ್ಯವನ್ನು ಸೇರಿದನು.

ಸಂಭಾಜಿಯೂ ಒಮ್ಮೆ ತಂದೆಯೊಡನೆ ಮುನಿದು ಮೊಗಲರನ್ನು ಸೇರಿ ಮರಳಿದವನೇ. ಅವನು ಅತಿಥಿಗೆ ಆಶ್ರಯವನ್ನಿತ್ತನು. ತನ್ನ ವಿರುದ್ಧ ಕೆಲವು ಸರದಾರರು ಹೂಡಿದ ಸಂಚಿನ ಸುದ್ದಿ ಅವನಿಗೆ ತಲಪಿದುದು ಈ ಅತಿಥಿಯಿಂದಲೇ. ಹೀಗೆ ಉಪ್ಪಿನ ಋಣ ತೀರಿತು. ಆದರೆ ಅತಿಥಿಯ ಬಯಕೆ ಈಡೇರಲಿಲ್ಲ. ದಿಲ್ಲಿಗೆ ದಂಡೆತ್ತಿ ಹೋಗೋಣವೆಂದು ಅವನ ಹಟ. ಜಂಜೀರೆಯ ಸಿದ್ದಿಗಳು ಮತ್ತು ಗೋವೆಯ ಪೋರ್ತುಗೀಜರೊಡನೆ ಕಾದಾಡುತ್ತಿದ್ದ ಸಂಭಾಜಿಗೆ ಬಿಡುವೆಲ್ಲಿ? ಇಂದು, ನಾಳೆ ಎಂದು ಕೊಂಕಣದಲ್ಲಿ ವರುಷಗಳೇ ಸಂದವು.

ಇತ್ತ ಮಗನನ್ನು ಹಿಡಿಯಲು ಬಾದಶಹನು ಸ್ವತಃ ದಕ್ಷಿಣಕ್ಕೆ ಇಳಿದಿದ್ದನು. ಆ ದಂಡಯಾತ್ರೆಯ ಬಿಸಿ ನಮ್ಮ ಕನ್ನಡ ನಾಡಿಗೂ ತಟ್ಟಿತು: 1686ರಲ್ಲಿ ಬಿಜಾಪುರದ ಆದಿಲಶಾಹಿ ಅಳಿಯಿತು. ಆಶೆ ತೊರೆದ ಅಕ್ಬರನು 1687ರಲ್ಲಿ ರಾಜಾಪುರದ ಬಂದರಿನಿಂದ ಹಡಗನ್ನೇರಿ ಮಸ್ಕತದ ಮಾರ್ಗವಾಗಿ ಪಾರಸಿಕ ದೇಶಕ್ಕೆ ಹೋದನು. ಅಲ್ಲಿಯ ಶಹನು ಮನ್ನಿಸಿದನಾದರೂ ತಂದೆಯ ಮೇಲೆ ಯುದ್ಧಕ್ಕೆ ಸೈನ್ಯವನ್ನು ಕೊಡಲಿಲ್ಲ. ತಂದೆಯ ಮರಣದ ವಾರ್ತೆಯನ್ನು ಕಾಯುತ್ತಿದ್ದ ಮಗನು ತಂದೆಗಿಂತ ಮೊದಲೇ ಪರದೇಶದಲ್ಲಿ ತೀರಿಕೊಂಡನು. ತಂದೆಯೂ ದಿಲ್ಲಿಯನ್ನು ಮತ್ತೆ ಕಾಣದೆ 1707ರಲ್ಲಿ ಅಹಮದನಗರದಲ್ಲಿ ಕಣ್ಣು ಮುಚ್ಚಿದನು.

ಇನ್ನು ಆ ಮಕ್ಕಳ ಸಂಗತಿ. ದುರ್ಗಾದಾಸನು ಅವರನ್ನು ಕಾಪಾಡಿ, ಕಾಲಾಂತರದಲ್ಲಿ ಮೊದಲು ಮಗಳನ್ನು, ಅನಂತರ ಮಗನನ್ನು ಅಜ್ಜನಿಗೆ ಒಪ್ಪಿಸಿದನು. ಮೊಮ್ಮಗಳಿಗೆ ಧರ್ಮಶಿಕ್ಷಣ ದೊರೆತಿರಲಾರದೆಂದು ಬಾದಶಹನು ಭಾವಿಸಿದ್ದನು. ದುರ್ಗಾದಾಸನು ಅಜಮೇರದಿಂದ ಶಿಕ್ಷಕಿಯನ್ನು ಕರೆಯಿಸಿ ತನಗೆ ಕುರಾನನ್ನು ಕಲಿಸಿದ್ದಾನೆಂದು ಹುಡುಗಿ ಹೇಳಿದಳಂತೆ. ಸಂಧಾನದಲ್ಲಿ ನಡುವೆ ನಿಂತ ಈಶ್ವರದಾಸ ನಾಗರನೇ ಇದನ್ನು ಬರೆದಿಟ್ಟಿದ್ದಾನೆ. ಶತ್ರುವಿನ ಮೊಮ್ಮಗಳನ್ನು ಅವಳ ಧರ್ಮದಲ್ಲಿಯೇ ಬೆಳೆಸಿದ ಆ ಹಿಂದೂ ವೀರನ ನಡತೆಗೆ ಬಾದಶಹನ ಮನಸ್ಸೂ ಕರಗಿತು.

ಮಕ್ಕಳನ್ನು ಊರಿನಲ್ಲಿ ಬಂಧುಗಳ ಮಡಿಲಲ್ಲಿ ಬಿಟ್ಟು ಈ ನಗರದಲ್ಲಿ ದುಡಿಯುವ ನಮ್ಮವರಿಗೆ ಆ ನಡತೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಬಾರಿ ಪಾಲಿಗೆ ಹೋದಾಗ, ದೇವರಿಗೆ ಕೈಮುಗಿದ ಮೇಲೆ, ಸುಧಾಗಡದ ಕಡೆಗೊಮ್ಮೆ ನೋಡಿರಿ.