ಗಡಿನಾಡಿನ ಮಾತಿಗೊಂದು ಟಾಕೀಸು



ನಮ್ಮ ಕುಂಭಾರಿಗೆ ಸೊಲ್ಲಾಪುರ ಹತ್ತಿರ. ಹೀಗಾಗಿ ಸಿನೇಮಾ ನೋಡುವುದಕ್ಕೆ ನಮಗೆಂದೂ ಬರ ಇರಲಿಲ್ಲ. ಹಿಂದಿ, ಮರಾಠಿ ಚಿತ್ರಗಳು ಬೇಕಾದಷ್ಟು. ಆದರೆ ‘ಬಂಗಾರದ ಮನುಷ್ಯ’ ನೋಡಲು ನಮ್ಮ ಸೋದರಮಾವ ನನ್ನನ್ನೂ ಅವ್ವನನ್ನೂ ಕರೆದುಕೊಂಡು ಹೋದದ್ದು ವಿಜಾಪುರಕ್ಕೆ. ಹೋಟಗಿಯಲ್ಲಿ ಮೀಟರ್‌ಗೇಜ್ ಗಾಡಿ ಹತ್ತಿ, ಬುತ್ತಿ ಕಟ್ಟಿಕೊಂಡು ಹೋದೆವು. ಅವ್ವನಿಗೆ ಮರಾಠಿ ಸಂತೆ ಮಾಡುವಷ್ಟು ಬರುತ್ತಿತ್ತು, ಕತೆ ಕೇಳಿ ಅಳುವಷ್ಟು ಬರುತ್ತಿರಲಿಲ್ಲ. ಅಂದು ಟಾಕೀಸಿನಲ್ಲಿ ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದು ನನಗೆ ಇನ್ನೂ ನೆನಪಿದೆ.

ತಮ್ಮ ಮಾತಿನ ಚಿತ್ರಕ್ಕಾಗಿ ಇಂಥ ಹಂಬಲ ಇದ್ದ ಇನ್ನೊಂದು ಗಡಿ ಜನರ ವಿಷಯ ಇಂದು ತಮಗೆ ತಿಳಿಸುತ್ತೇನೆ. ಅವರಿರುವುದು ಅಮೆರಿಕಾದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ಪಟ್ಟಣದಲ್ಲಿ. ಟೆಕ್ಸಾಸ್ ಮೊದಲು ಮೆಕ್ಸಿಕೊ ದೇಶದ ಭಾಗವಾಗಿತ್ತು. 1845ರಲ್ಲಿ ಅದು ಅಮೆರಿಕಾಕ್ಕೆ ಸೇರಿತು, ಯುದ್ಧವಾಯಿತು, 1848ರ ಒಪ್ಪಂದದಲ್ಲಿ ಗಡಿ ಗಟ್ಟಿಯಾಯಿತು. ಅಲ್ಲಿದ್ದ ಸ್ಪ್ಯಾನಿಷ್ ಮಾತಿನ ಜನ ಊರು ಬಿಟ್ಟು ಕದಲಿರಲಿಲ್ಲ, ಗಡಿಯೇ ಅವರನ್ನು ದಾಟಿತು. 1956ರವರೆಗೆ ಸೊಲ್ಲಾಪುರ, ವಿಜಾಪುರ ಎರಡೂ ಮುಂಬಯಿ ರಾಜ್ಯದಲ್ಲೇ ಇದ್ದವೆಂಬುದನ್ನು ಬಲ್ಲ ತಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಮೆಕ್ಸಿಕೊದಿಂದ ಕೂಲಿಗಾಗಿ, ಜೀವ ಉಳಿಸಿಕೊಳ್ಳುವುದಕ್ಕಾಗಿ ಇನ್ನೂ ಬಹಳ ಜನ ಬಂದು ಸೇರಿದರು.

ಟೆಕ್ಸಾಸಿನ ಹಲವು ಟಾಕೀಸುಗಳಲ್ಲಿ ಈ ಜನರನ್ನು ಬಾಲ್ಕನಿಯಲ್ಲೋ ಮೂಲೆಯಲ್ಲೋ ಬೇರೆ ಕೂರಿಸುವ ಪದ್ಧತಿ ಇತ್ತು. ದುಡ್ಡು ಕೊಟ್ಟೂ ಬೇಕಾದ ಕುರ್ಚಿ ಸಿಗುತ್ತಿರಲಿಲ್ಲ. ಇಂಥ ಕಾಲದಲ್ಲಿ, 1949ರ ಮಾರ್ಚ್ 9ರಂದು, ಸ್ಯಾನ್ ಆಂಟೋನಿಯೊದ ಹ್ಯೂಸ್ಟನ್ ರಸ್ತೆಯಲ್ಲಿ ‘ಅಲಮೇಡಾ’ ಎಂಬ ಟಾಕೀಸು ತೆರೆಯಿತು. ಸುಮಾರು 2,400 ಕುರ್ಚಿಗಳು! ಸ್ಪ್ಯಾನಿಷ್ ಚಿತ್ರಗಳಿಗೆಂದೇ ಕಟ್ಟಿಸಿದ್ದು. ಯಾರು ಎಲ್ಲಿ ಬೇಕಾದರೂ ಕೂರಬಹುದು. ಹೊರಗೆ ಎಂಬತ್ತಕ್ಕೂ ಹೆಚ್ಚು ಅಡಿ ಎತ್ತರದ ದೀಪದ ಫಲಕ. ಒಳಗೆ ಎರಡೂ ಕಡೆಯ ಗೋಡೆಗಳ ಮೇಲೆ ಟೆಕ್ಸಾಸಿನ ಹಾಗೂ ಮೆಕ್ಸಿಕೊದ ಇತಿಹಾಸದ ದೊಡ್ಡ ಚಿತ್ರಗಳು. ಅವುಗಳಿಗೆ ವಿಶೇಷ ಬಣ್ಣ ಬಳಿದಿದ್ದರು, ದೀಪ ಆರಿಸಿ ನೇರಳೆ ಬೆಳಕು ಬಿಟ್ಟರೆ ಕತ್ತಲಲ್ಲಿ ಹೊಳೆಯುತ್ತಿದ್ದವು. ಬೀಡಿ ಕಟ್ಟಿಯೋ ಮಗ್ಗ ನೇಯ್ದೋ ದಣಿದು ಬಂದವನಿಗೆ ಅಂಥ ಒಂದು ಅರಮನೆಯಲ್ಲಿ ಯಜಮಾನನಂತೆ ಕೂರಲು ಸಿಕ್ಕರೆ ಹೇಗಿರಬೇಕು, ತಾವೇ ಊಹಿಸಿರಿ.

ಕಟ್ಟಿಸಿದವನು ಮೆಕ್ಸಿಕೊದವನಲ್ಲ. ಟಾನೊ ಲುಕೇಸಿ ಎಂಬಾತ, ಇಟಲಿಯಿಂದ ಬಂದು ಬೂಟು ಹೊಲಿಯುವ ವ್ಯಾಪಾರದಲ್ಲಿ ಹೆಸರು ಮಾಡಿದ ಮನೆತನದವನು. ಆತನ ತಂದೆಯೂ ಇದೇ ಊರಿನಲ್ಲಿ ಸ್ಪ್ಯಾನಿಷ್ ಜನರಿಗಾಗಿ ಟಾಕೀಸು ನಡೆಸಿದ್ದನು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ಕ್ಕೆ ಹಣ ಹಾಕಿದವರು ಚಮನಲಾಲ್ ಡುಂಗಾಜಿ ಎಂಬ ಮಾರವಾಡಿ ವ್ಯಾಪಾರಿಗಳು. ಅದನ್ನು ತೆಗೆದದ್ದು ಬೆಂಗಳೂರಿನಲ್ಲೂ ಅಲ್ಲ, ನಮ್ಮ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಆರ್. ನಾಗೇಂದ್ರರಾಯರು, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಇವರೆಲ್ಲ ಅಲ್ಲಿಗೆ ಬಂದು ಪಾತ್ರ ಮಾಡಿದರು. 1934ರ ಮಾರ್ಚ್ 3ರಂದು ಅದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಗಿರಾಕಿಯ ಮಾತು ಯಾವುದೋ ಅದೇ ವ್ಯಾಪಾರಿಯ ಮಾತು. ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಇದು ಚೆನ್ನಾಗಿ ಗೊತ್ತು, ಕನ್ನಡದಲ್ಲಿ ಮಾತಾಡಿಸಿದರೆ ಮುದುಕಿಯರು ಸೆರಗಿನ ಗಂಟು ಬಿಚ್ಚಿ ಠೇವಣಿ ಇಡುತ್ತಿದ್ದರು.

ಅಲಮೇಡಾದ ಒಳ್ಳೆಯ ದಿನಗಳಲ್ಲಿ ಮೆಕ್ಸಿಕೊದ ಚಿತ್ರರಂಗಕ್ಕೂ ಒಳ್ಳೆಯ ಕಾಲ. ಹಾಸ್ಯಕ್ಕೆ ಕಾಂಟಿನ್‌ಫ್ಲಾಸ್, ಹಾಡಿಗೆ ಪೆದ್ರೊ ಇನ್‌ಫಾಂಟೆ. 1957ರಲ್ಲಿ ಇನ್‌ಫಾಂಟೆ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಗಡಿಯ ಎರಡೂ ಕಡೆ ಜನ ಮನೆಯವರೇ ಹೋದಂತೆ ಅತ್ತರು. ಟಾಕೀಸಿನಲ್ಲಿ ಬರೀ ಚಿತ್ರವಲ್ಲ, ರಂಗದ ಮೇಲೆ ಹಾಡು, ಕುಣಿತ, ನಗೆಚಾಟಿಕೆಯೂ ನಡೆಯುತ್ತಿದ್ದವು. ನಮ್ಮ ನಾಟಕ ಕಂಪನಿ ಮತ್ತು ಟಾಕೀಸು ಎರಡೂ ಒಂದೇ ತಿಕೀಟಿಗೆ ಎಂದು ತಿಳಿಯಿರಿ. ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳು ಅಜ್ಜಿಯ ಪಕ್ಕದಲ್ಲಿ ಕೂತು ಅಜ್ಜಿಯ ಮಾತು ಕಲಿಯುತ್ತಿದ್ದರು.

ಅದು ಬರಿದಾದದ್ದು ಹೇಗೆ? ಶತ್ರು ಹೊರಗಿನಿಂದ ಬರಲಿಲ್ಲ. ಅದೇ ಊರಿನಲ್ಲಿ ರಾವುಲ್ ಕೋರ್ಟೆಸ್ ಎಂಬವರು 1946ರಲ್ಲಿ ಸ್ಪ್ಯಾನಿಷ್ ರೇಡಿಯೋ ಕೇಂದ್ರ ತೆರೆದಿದ್ದರು. 1955ರಲ್ಲಿ ಟೆಲಿವಿಜನ್ ಕೇಂದ್ರವನ್ನೂ ತೆರೆದರು, ಅಮೆರಿಕಾದಲ್ಲಿ ಸ್ಪ್ಯಾನಿಷಿಗೆ ಅದೇ ಮೊದಲನೆಯದು. ಮನೆಯಲ್ಲೇ ತಮ್ಮ ಮಾತು ಕೇಳತೊಡಗಿದ ಮೇಲೆ ಟಾಕೀಸಿಗೆ ಹೋಗುವವರು ಕಡಿಮೆಯಾಗುತ್ತ ಬಂದರು. ಮೆಕ್ಸಿಕೊದ ಚಿತ್ರಗಳೂ ಸೊರಗಿದವು, ಬಳಿಕ ವಿಡಿಯೋ ಕ್ಯಾಸೆಟ್ ಬಂತು. ಭಾಷೆ ಉಳಿಯಿತು, ಅದಕ್ಕೊಂದು ಮನೆಯಾಗಿದ್ದ ಟಾಕೀಸು ಮಾತ್ರ 1990ರ ಸುಮಾರಿಗೆ ಬಾಗಿಲು ಹಾಕಿತು. ನನಗೆ ಇದು ನ್ಯಾಯವೆನಿಸುವುದಿಲ್ಲ. ಮನೆಯಲ್ಲಿ ನಾಲ್ಕು ಜನ ನಗುವುದೂ ಎರಡು ಸಾವಿರ ಜನ ಒಟ್ಟಿಗೆ ನಗುವುದೂ ಒಂದೇ ಅಲ್ಲ.

ಆ ಕಟ್ಟಡವನ್ನು ಪಟ್ಟಣದ ಆಡಳಿತ 1994ರಲ್ಲಿ ಕೊಂಡುಕೊಂಡಿತು. ಅದನ್ನು ಮೊದಲಿನಂತೆ ಮಾಡುವ ಕೆಲಸ ಬಹಳ ವರ್ಷ ಕುಂಟುತ್ತ ಸಾಗಿತು. 2020ರಲ್ಲಿ ಅದರ ರಂಗದ ಹಿಂಭಾಗದ ಕಟ್ಟಡಕ್ಕೆ ಟೆಕ್ಸಾಸ್ ಪಬ್ಲಿಕ್ ರೇಡಿಯೋದವರು ತಮ್ಮ ಕಚೇರಿ ಸ್ಥಳಾಂತರಿಸಿದರು. ಆ ಕೇಂದ್ರಕ್ಕೆ ಇರ್ಮಾ ಮತ್ತು ಎಮಿಲಿಯೊ ನಿಕೊಲಾಸ್ ದಂಪತಿಗಳ ಹೆಸರಿಟ್ಟಿದ್ದಾರೆ. ಈ ಎಮಿಲಿಯೊ ಬೇರೆ ಯಾರೂ ಅಲ್ಲ, ಟೆಲಿವಿಜನ್ ತೆರೆದ ಕೋರ್ಟೆಸರ ಅಳಿಯಂದಿರು.